ಅರವತ್ತು ದಿನ ಅಂದ್ರೆ ಎಷ್ಟು ದಿನ ಸ್ವಾಮಿ?

ವಿದೇಶದಿಂದ ಬಂದ ಸೊಸೆಯ ಪೌರತ್ವದ ಅರ್ಜಿ ಏನಾಯ್ತು ಅಂತ ಕೇಳೋಕೆ ಬಂದವರಿಗೆ "ಇನ್ನೂ ಮೇಲಿಂದ ಬಂದಿಲ್ಲ" ಅಂತೀರಲ್ಲ, ಮೊದಲು ಮೇಲಕ್ಕೆ ಕಳಿಸಿದ್ದೀರಾ? ಕಡತ ಇಲ್ಲೇ ನಿಮ್ಮ ಬೀರುವಿನಲ್ಲಿ ಕೂತಿರುವಾಗ ಮೇಲಿಂದ ಬರೋದಾದರೂ ಏನು? ಶೃಂಗೇರಿಯಿಂದ, ಕೊಪ್ಪದಿಂದ, ಮೂಡಿಗೆರೆಯಿಂದ ಮೊದಲ ಬಸ್ಸು ಹತ್ತಿ, ಒಂದು ದಿನದ ತೋಟದ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ಬಂದ ಗಂಡಹೆಂಡತಿಯನ್ನು ಈ ಒಂದು ಮಾತು ಹೇಳೋಕೆ ಮಧ್ಯಾಹ್ನದವರೆಗೆ ನಿಲ್ಲಿಸ್ತಾರೆ. ಹೊಟ್ಟೆ ಉರಿಯುತ್ತೆ. ಯಾವ ಕಚೇರಿ, ಯಾವ ಟೇಬಲ್ಲು ಅಂತ ಇಲ್ಲಿ ಬರೆಯಲ್ಲ. ಬರೆದರೆ ಆ ಸಿಟ್ಟು ಬಂದು ಬೀಳೋದು ಅರ್ಜಿ ಹಾಕಿದ ಹೆಣ್ಣುಮಕ್ಕಳ ಮೇಲೆ.

ಇದು ದುಬೈ, ಕುವೈತ್ ಕಡೆ ಕೆಲಸಕ್ಕೆ ಹೋದ ನಮ್ಮ ಹುಡುಗರನ್ನು ಮದುವೆಯಾಗಿ ಬಂದ ಫಿಲಿಪೀನ್ಸಿನ ಸೊಸೆಯಂದಿರ ವಿಷಯ. ಅವರಿಗೆ ಇರೋ ದಾರಿ 1955ರ ಪೌರತ್ವ ಕಾಯ್ದೆಯ ಸೆಕ್ಷನ್ 5(1)(ಸಿ), ಅರ್ಜಿ ನಮೂನೆ 3. ಆನ್‌ಲೈನಲ್ಲಿ ತುಂಬಬೇಕು, ಪ್ರಿಂಟ್ ತೆಗೆದು ಸಹಿ ಹಾಕಿ ದಾಖಲೆಗಳ ಜೊತೆ ಜಿಲ್ಲಾಧಿಕಾರಿಗಳಿಗೆ ಕೊಡಬೇಕು. 2009ರ ಪೌರತ್ವ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳು ತಮ್ಮ ವರದಿ ಸೇರಿಸಿ ರಾಜ್ಯ ಸರ್ಕಾರಕ್ಕೆ ಕಳಿಸೋಕೆ 60 ದಿನ, ರಾಜ್ಯ ಅದನ್ನು ಕೇಂದ್ರ ಗೃಹ ಸಚಿವಾಲಯಕ್ಕೆ ಕಳಿಸೋಕೆ 30 ದಿನ. ಒಟ್ಟು 90. ಈ ತೊಂಬತ್ತನ್ನು ಯಾರಾದರೂ ಎಣಿಸ್ತಿದ್ದಾರಾ? ಅರ್ಜಿದಾರರ ದಿನಗಳನ್ನಾದರೆ ಬೆರಳು ಮಡಚಿ ಎಣಿಸ್ತಾರೆ.

ಹೇಗೆ ಎಣಿಸ್ತಾರೆ ಕೇಳಿ. ಕಾನೂನು ಕೇಳೋದು ಭಾರತದಲ್ಲಿ ಏಳು ವರ್ಷದ ವಾಸ. ಮದುವೆಯಾಗಿ ಏಳು ವರ್ಷ ಆಗಿದ್ದರೆ ಸಾಕು ಅಂತ ಕೌಂಟರಿನಲ್ಲೇ ತಪ್ಪು ಹೇಳಿ ಕಳಿಸಿದವರಿದ್ದಾರೆ. ಸರಿಯಾದ ಲೆಕ್ಕ ಹೀಗಿದೆ: ಅರ್ಜಿ ಹಾಕುವ ಮುಂಚಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷಕ್ಕೆ ಕಡಿಮೆ ಇರಬಾರದು. ಆ 12 ತಿಂಗಳ ನಡುವೆ ದೇಶ ಬಿಟ್ಟು ಹೋಗಿದ್ದರೆ, ವಿಶೇಷ ಕಾರಣ ಇದ್ದಾಗ ಕೇಂದ್ರ ಸರ್ಕಾರ ಹೆಚ್ಚೆಂದರೆ 30 ದಿನ ಮನ್ನಾ ಮಾಡಬಹುದು, 2015ರ ತಿದ್ದುಪಡಿಯಲ್ಲಿ ಬಂದದ್ದು. ತಾಯಿ ತೀರಿಕೊಂಡರು ಅಂತ ಹೋಗಿ, ಕಾರ್ಯ ಮುಗಿಸಿ 40 ದಿನಕ್ಕೆ ಬಂದವಳಿಗೆ ಆ ಹತ್ತು ದಿನಕ್ಕಾಗಿ ಹನ್ನೆರಡು ತಿಂಗಳು ಮತ್ತೆ ಒಂದರಿಂದ ಶುರು. ಅವಳ ಹತ್ತು ದಿನಕ್ಕೆ ಇಷ್ಟು ಬೆಲೆ ಇರುವಾಗ, ನಿಮ್ಮ ಅರವತ್ತು ದಿನ ಮುನ್ನೂರು ದಾಟಿದರೂ ಕೇಳೋರಿಲ್ಲ ಅಂದ್ರೆ ಏನರ್ಥ? ಅರ್ಜಿಗೆ ಮುಂಚೆ ಪಾಸ್‌ಪೋರ್ಟಿನ ಪ್ರತಿಯೊಂದು ಸೀಲು ನೋಡಿ, ಹೋದ ತಾರೀಖು ಬಂದ ತಾರೀಖು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹಳೇ ಪಾಸ್‌ಪೋರ್ಟ್ ಎಸೆಯಲೇಬೇಡಿ.

ಇನ್ನು ಹೆಸರಿನ ಗೋಳು. ಫಿಲಿಪೀನ್ಸಿನಲ್ಲಿ ಮಧ್ಯದ ಹೆಸರು ಅಂದರೆ ತಾಯಿಯ ತವರಿನ ಮನೆತನದ ಹೆಸರು, ಕೊನೆಯದು ತಂದೆಯ ಮನೆತನದ್ದು. ಮದುವೆಯಾಗಿ ಗಂಡನ ಹೆಸರು ಹಾಕಿಸಿಕೊಂಡರೆ ತಂದೆಯ ಮನೆತನದ ಹೆಸರು ಮಧ್ಯಕ್ಕೆ ಸರಿಯುತ್ತೆ. ಜನನ ಪ್ರಮಾಣಪತ್ರದಲ್ಲಿ ಒಂದು, ಹೊಸ ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಮಧ್ಯದ ಹೆಸರನ್ನೇ ಬಿಟ್ಟ ವೀಸಾದಲ್ಲಿ ಮತ್ತೊಂದು. ಈ ಕಡೆ ಗಂಡನಿಗೆ ಮನೆತನದ ಹೆಸರೇ ಇಲ್ಲ, ಇರೋದು ಊರಿನದೊಂದು ಅಪ್ಪನದೊಂದು ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಅಪ್ಪನ ಪೂರ್ತಿ ಹೆಸರು. ಇದು ವ್ಯತ್ಯಾಸ ಅಂತ ಕಡತ ವಾಪಸ್! ಅದಕ್ಕಿಂತ ಸಿಟ್ಟು ಬರೋದು ಊರಿನ ಹೆಸರಿಗೆ ತಗಾದೆ ತೆಗೆದಾಗ. ಇಂಗ್ಲಿಷಿನಲ್ಲಿ ಚಿಕ್‌ಮಗಳೂರ್ ಅಂತಿದ್ದದ್ದನ್ನು ಚಿಕ್ಕಮಗಳೂರು ಅಂತ ಬದಲಿಸಿದ್ದು ಸರ್ಕಾರವೇ, 2014ರ ನವೆಂಬರ್ 1ರಂದು. ಗಂಡನ ಹಳೇ ದಾಖಲೆಯಲ್ಲಿ ಹಳೇ ಕಾಗುಣಿತ ಇದ್ದರೆ ಅದು ಅವನ ತಪ್ಪಾ? ಅರ್ಜಿ ಕೊಡುವ ದಿನವೇ ಎಲ್ಲ ರೂಪದ ಹೆಸರುಗಳನ್ನೂ ಒಂದೊಂದಾಗಿ ಬರೆದು, ಈ ಎಲ್ಲ ಹೆಸರಿನ ವ್ಯಕ್ತಿ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಜೊತೆಗಿಡಿ, ಗಂಡನದ್ದೊಂದು, ಹೆಂಡತಿಯದ್ದೊಂದು. ಅವರು ಕೇಳಿದ ಮೇಲೆ ಕೊಡೋಣ ಅಂತ ಕೂತರೆ, ಅವರು ಕೇಳೋದು ಆರು ತಿಂಗಳಾದ ಮೇಲೆ.

ಮದುವೆ ಪತ್ರದಲ್ಲೂ ಬಹಳ ಜನ ಎಡವುತ್ತಾರೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ ರಸೀದಿ ತಂದರೆ ಇಲ್ಲಿ ನಡೆಯಲ್ಲ, ನೋಂದಣಿಯ ಪ್ರಮಾಣಪತ್ರವೇ ಬೇಕು. ಹುಡುಗಿ ಕ್ರೈಸ್ತಳಾಗಿದ್ದರೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಆಗಲ್ಲ, 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಸಬಹುದು, ಅದಕ್ಕೆ 30 ದಿನದ ನೋಟಿಸು ಇರುತ್ತೆ. ಅಲ್ಲಿಂದ ತರಿಸುವ ಜನನ ಪ್ರಮಾಣಪತ್ರ, ಅವಿವಾಹಿತೆ ಅನ್ನೋ ಪತ್ರ ಎಲ್ಲಕ್ಕೂ ಅಪಾಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶದವರೂ ಒಪ್ಪೋ ಮುದ್ರೆ, ಹಾಕಿಸಿಯೇ ತರಿಸಿ. ಫಿಲಿಪೀನ್ಸ್ 2019ರ ಮೇ ತಿಂಗಳಿಂದ ಆ ಮುದ್ರೆಯನ್ನು ಒಪ್ಪುವ ದೇಶಗಳ ಒಪ್ಪಂದದಲ್ಲಿದೆ, ಭಾರತ ಅದಕ್ಕೂ ಮೊದಲಿನಿಂದ ಇದೆ.

ಪೊಲೀಸ್ ಪರಿಶೀಲನೆಯಲ್ಲಿ ಮಲೆನಾಡಿನದ್ದೇ ಒಂದು ಸಂಕಟ. ತೋಟದ ಮನೆಗೆ ಡೋರ್ ನಂಬರ್ ಎಲ್ಲಿಂದ ಬರಬೇಕು? ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ, ಜುಲೈ ಮಳೆಯಲ್ಲಿ ನೆಟ್‌ವರ್ಕೂ ಇಲ್ಲ ಕರೆಂಟೂ ಇಲ್ಲ. ಫೋನ್ ಸಿಗಲಿಲ್ಲ ಅಂದ ಮಾತ್ರಕ್ಕೆ "ವಿಳಾಸದಲ್ಲಿ ಇಲ್ಲ" ಅಂತ ಬರೆದುಬಿಟ್ಟರೆ ಆ ಒಂದು ಸಾಲು ಕಡತಕ್ಕೆ ಅಂಟಿಕೊಂಡು ಬೆಂಗಳೂರಿಗೂ ಹೋಗುತ್ತೆ, ದೆಹಲಿಗೂ ಹೋಗುತ್ತೆ. ವಿಳಾಸದ ಜೊತೆ ಗ್ರಾಮ, ಹೋಬಳಿ, ಹತ್ತಿರದ ಬಸ್ ಸ್ಟಾಪು, ಪಕ್ಕದ ಮನೆಯವರ ಫೋನ್ ನಂಬರು ಬರೆದು ಠಾಣೆಗೆ ನೀವೇ ಕೊಟ್ಟು ಬನ್ನಿ.

ಇಷ್ಟೆಲ್ಲ ಸರಿ ಇದ್ದರೂ ಅರ್ಜಿ ಹಾಳಾಗೋದು ಕಾಯುವಾಗ. ಕಡತ ಬೀರುವಿನಲ್ಲಿ ಇರುವಷ್ಟು ದಿನವೂ ಇ-ಎಫ್‌ಆರ್‌ಆರ್‌ಒ ಅನ್ನೋ ವಿದೇಶಿಯರ ನೋಂದಣಿಯ ಸರ್ಕಾರಿ ಪೋರ್ಟಲ್ ಮೂಲಕ ವೀಸಾ, ವಾಸದ ಪರವಾನಗಿ ಮುಂದುವರಿಸುತ್ತಲೇ ಇರಬೇಕು, ಒಂದು ದಿನ ತಪ್ಪಿದರೂ ಅಪರಾಧ ಅವಳದ್ದು. ಪಾಸ್‌ಪೋರ್ಟ್ ಅವಧಿ ಮುಗಿದರೆ ಫಿಲಿಪೀನ್ಸ್ ರಾಯಭಾರ ಕಚೇರಿ ಇರೋದು ದೆಹಲಿಯಲ್ಲಿ. ಹೊಸ ಪಾಸ್‌ಪೋರ್ಟ್ ಬಂತು ಅಂದರೆ ನಂಬರೂ ಹೊಸದು, ಅರ್ಜಿಯಲ್ಲಿರೋದು ಹಳೇದು, ಮತ್ತೆ ವ್ಯತ್ಯಾಸ! ನೀವು ತಡ ಮಾಡಿದ್ದಕ್ಕೆ ಹುಟ್ಟಿದ ವ್ಯತ್ಯಾಸಕ್ಕೆ ಅವಳಿಂದ ವಿವರಣೆ ಕೇಳ್ತೀರಿ. ನಂಬರ್ ಬದಲಾದ ದಿನವೇ ಎರಡೂ ಪಾಸ್‌ಪೋರ್ಟಿನ ಪ್ರತಿ ಇಟ್ಟು, ಅರ್ಜಿಯ ಕಡತ ಸಂಖ್ಯೆ ಬರೆದು ಪತ್ರ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಹೇಳಿಲ್ಲ ಅಂತಲೇ ಲೆಕ್ಕ.

"ಒಸಿಐ ಕಾರ್ಡ್ ಮಾಡಿಸಿ, ಅಷ್ಟು ಸಾಕಲ್ಲ" ಅಂತ ಪುಕ್ಕಟೆ ಸಲಹೆ ಕೊಡೋರು ದಯವಿಟ್ಟು ಸುಮ್ಮನಿರಿ. ಅದು ವಿದೇಶಿ ಪೌರತ್ವ ಇಟ್ಟುಕೊಂಡೇ ಇಲ್ಲಿ ಇರೋಕೆ ಕೊಡೋ ಕಾರ್ಡು. ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿದರೆ ಅದಕ್ಕೆ ಅರ್ಜಿ ಹಾಕಬಹುದು, ನಿಜ. ಆದರೆ ಮತ ಹಾಕೋಹಾಗಿಲ್ಲ, ಕೃಷಿ ಜಮೀನು, ಪ್ಲಾಂಟೇಶನ್ ಕೊಳ್ಳೋಹಾಗಿಲ್ಲ. ದಿನಾ ಕಾಫಿ ಹಣ್ಣು ಕುಯ್ಯಿಸಿ, ಕಣದಲ್ಲಿ ಹರವಿಸಿ, ಆಳುಗಳ ಬಟವಾಡೆ ಲೆಕ್ಕ ಬರೆಯೋ ಹೆಂಗಸಿಗೆ ತನ್ನ ಹೆಸರಲ್ಲಿ ಒಂದು ಎಕರೆ ತಗೊಳ್ಳೋಕಾಗಲ್ಲ. ಇನ್ನು ಪೌರತ್ವ ಅಂದ ತಕ್ಷಣ "ಸಿಎಎ ಕೇಸಾ?" ಅಂತ ಮುಖ ನೋಡೋದೊಂದು. ಆ 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಸಮುದಾಯದವರಿಗೆ. ಈ ಅರ್ಜಿಗೂ ಅದಕ್ಕೂ ಸಂಬಂಧವೇ ಇಲ್ಲ.

60 ದಿನ ದಾಟಿತಾ? ಮಾಹಿತಿ ಹಕ್ಕಿನಲ್ಲಿ ಕೇಳಿ. ಆದರೆ ಆ ಹಕ್ಕು ನಾಗರಿಕರಿಗೆ ಮಾತ್ರ, ಹೆಂಡತಿ ಹೆಸರಲ್ಲಿ ಹಾಕಿದರೆ ಅದೇ ನೆಪಕ್ಕೆ ವಾಪಸ್ ಬರುತ್ತೆ. ಗಂಡನ ಹೆಸರಲ್ಲಿ ಹಾಕಿ, ಹೆಂಡತಿಯ ಒಪ್ಪಿಗೆ ಪತ್ರ ಜೊತೆಗಿಡಿ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ. ಯಾಕೆ ತಡ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ಬರೆದು ಕೈ ತೊಳ್ಕೊಳ್ತಾರೆ. ಅರ್ಜಿ ಯಾವ ತಾರೀಖಿಗೆ ಯಾರ ಟೇಬಲ್ಲಿಗೆ ಬಂತು, ಯಾವ ತಾರೀಖಿಗೆ ಅಲ್ಲಿಂದ ಹೋಯ್ತು, ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ, ಅಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಪೌರತ್ವ ಕೊಡೋಕೆ ಒಪ್ಪಿದ್ದೇವೆ ಅಂತ ಕೇಂದ್ರ ಸರ್ಕಾರದ ಪತ್ರ ಕೈಗೆ ಬರೋವರೆಗೂ ಹಳೇ ದೇಶದ ಪೌರತ್ವ ಬಿಟ್ಟುಕೊಡಬೇಡಿ. ಬಿಟ್ಟ ಪುರಾವೆ ಕೇಳೋದು ಆ ಪತ್ರ ಬಂದ ಮೇಲೆಯೇ. "ಮೊದಲೇ ಮಾಡಿಸಿಟ್ಟುಕೊಳ್ಳಿ, ಬೇಗ ಆಗುತ್ತೆ" ಅಂತ ಯಾರೋ ಹೇಳಿದ್ದು ಕೇಳಿ ಬಿಟ್ಟುಕೊಟ್ಟರೆ, ಆ ಕಡೆ ದೇಶವೂ ಇಲ್ಲ, ಈ ಕಡೆ ದೇಶವೂ ಇಲ್ಲ, ವೀಸಾ ಅಂಟಿಸೋಕೆ ಪಾಸ್‌ಪೋರ್ಟೂ ಇಲ್ಲ. ಹಾಗೆ ಹೇಳಿದವರು ಆಮೇಲೆ ಫೋನೂ ಎತ್ತಲ್ಲ.