ಕನ್ನಡಕದಿಂದ ಮುಕ್ತಿ, ಷರತ್ತುಗಳು ಅನ್ವಯ

ಅಪೆಂಡಿಕ್ಸ್ ತೆಗೆಸಿಕೊಳ್ಳುವವರಿಗೆ ವರ್ಷಾಂತ್ಯದ ರಿಯಾಯಿತಿ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಪಿತ್ತಕೋಶದ ಕಲ್ಲಿಗೆ ‘ಮೊದಲ ನೂರು ಮಂದಿಗೆ ಮಾತ್ರ’ ಎಂಬ ಫಲಕವನ್ನೂ ನೋಡಿಲ್ಲ. ಹರ್ನಿಯಾದ ಮುಂಚಿನ ಚಿತ್ರ, ನಂತರದ ಚಿತ್ರ ಎರಡನ್ನೂ ಬಣ್ಣದ ಚೀಟಿಯಲ್ಲಿ ಅಚ್ಚು ಹಾಕಿಸಿ ದಿನಪತ್ರಿಕೆಯ ಮಡಿಕೆಯೊಳಗೆ ತುರುಕುವ ಧೈರ್ಯ ಇನ್ನೂ ಯಾರಿಗೂ ಬಂದಂತಿಲ್ಲ. ದೇಹದ ಇಷ್ಟೊಂದು ಅಂಗಗಳಲ್ಲಿ ಬಟ್ಟೆ ಅಂಗಡಿಯ ಮರ್ಯಾದೆ ದಕ್ಕಿರುವುದು ಕಣ್ಣಿಗೆ ಮಾತ್ರ. (ಹಲ್ಲು ಮತ್ತು ಕೂದಲಿನವರು ಜಗಳಕ್ಕೆ ಬರಬಹುದು, ಅವರ ಸರದಿ ಇನ್ನೊಂದು ವಾರ.)

ಹಲವು ವರ್ಷ ಕನ್ನಡಕ ಹೊತ್ತ ಮೇಲೆ ಅದನ್ನು ಬಿಡಿಸುವ ಲೇಸರ್ ಚಿಕಿತ್ಸೆ (ಲೇಸಿಕ್) ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ನನ್ನದು ಮೈನಸ್ ಐದು. ಎಂದರೆ ಬರಿಗಣ್ಣಿಗೆ ಜಗತ್ತು 20 ಸೆಂಟಿಮೀಟರಿಗೆ ಮುಗಿಯುತ್ತದೆ. ಅದರಾಚೆಗಿನದೆಲ್ಲ ಬರೀ ವದಂತಿ. ಮಳೆಯಲ್ಲಿ ಗಾಜು ಒರೆಸುವುದು, ಕುದಿಯುವ ಪಾತ್ರೆಯ ಮುಚ್ಚಳ ತೆಗೆದೊಡನೆ ಕುರುಡಾಗುವುದು, ಮಗ್ಗುಲಾಗಿ ಮಲಗಿ ಓದಿದರೆ ಕಡ್ಡಿ ಕಿವಿಗೆ ಒತ್ತುವುದು, ಸ್ನಾನದ ಮನೆಯಲ್ಲಿ ಶಾಂಪೂ ಯಾವುದೆಂದು ಮೂಸಿ ತಿಳಿಯುವುದು. ನನ್ನ ಕಷ್ಟಗಳು ಇವಿಷ್ಟೇ. ಇವುಗಳಿಂದ ಯಾರೂ ಸತ್ತಿಲ್ಲ. ನನಗೆ ಸಾಕಾಗಿದೆ, ಅಷ್ಟೆ. ಆದರೆ ಕಣ್ಣಿನ ಕೇಂದ್ರದಲ್ಲಿ ತುಂಬಲು ಕೊಟ್ಟ ಅರ್ಜಿಯ ‘ಕಾರಣ’ ಎಂಬ ಕಲಮಿನಲ್ಲಿ ‘ಸಾಕಾಗಿದೆ’ ಎಂಬುದಕ್ಕೆ ಜಾಗವಿರಲಿಲ್ಲ. ಆತ್ಮವಿಶ್ವಾಸ, ವ್ಯಕ್ತಿತ್ವ, ಹೊಸ ಬದುಕು, ಈ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕಿತ್ತು.

ಹೊಸ ಬದುಕು ಹೇಗಿರುತ್ತದೆಂದು ಗೋಡೆಯ ಮೇಲಿನ ಚಿತ್ರಗಳು ಹೇಳುತ್ತವೆ. ಎಡಗಡೆಯ ಚಿತ್ರದಲ್ಲಿ ಕನ್ನಡಕದವನು. ಭುಜ ಇಳಿಬಿದ್ದಿದೆ, ತಲೆ ಬಾಚಿಲ್ಲ, ಅಂಗಿ ಇಸ್ತ್ರಿ ಕಂಡಿಲ್ಲ, ಹಿನ್ನೆಲೆಯಲ್ಲಿ ಮೋಡ. ಬಲಗಡೆ ಅದೇ ಮನುಷ್ಯ ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತು ಸೂರ್ಯನನ್ನು ನೋಡಿ ನಗುತ್ತಿದ್ದಾನೆ. ಲೇಸರ್ ಅವನ ತಲೆಯನ್ನೂ ಬಾಚಿದೆ, ಹವಾಮಾನವನ್ನೂ ಸರಿಪಡಿಸಿದೆ. ಹೊಸದಾಗಿ ಕಣ್ಣಿನ ಚಿಕಿತ್ಸೆಯಾದವನಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲಿನಿಂದ ದೂರವಿರಿ ಎಂದು ಹೇಳುವುದೂ ಇದೇ ಕೇಂದ್ರದವರು.

ಇತ್ತ ಕನ್ನಡಕ ಮಾರುವವರ ಜಾಹೀರಾತು ನೋಡಿ. ಅಲ್ಲಿ ಕನ್ನಡಕ ಧರಿಸಿದವನೇ ಬುದ್ಧಿವಂತ, ಅವನೇ ಚೆಲುವ, ದೊಡ್ಡ ಹುದ್ದೆ ಅವನಿಗೇ. ಕಣ್ಣಿಗೆ ಏನೂ ಆಗದವರು ನಂಬರ್ ಇಲ್ಲದ ಗಾಜು ಹಾಕಿಸಿಕೊಂಡು ಓಡಾಡುತ್ತಾರೆ. ಬೇಕಾದವನು ದುಡ್ಡು ಕೊಟ್ಟು ಕಳಚುತ್ತಾನೆ, ಬೇಡದವನು ದುಡ್ಡು ಕೊಟ್ಟು ಏರಿಸುತ್ತಾನೆ. ಎರಡು ಉದ್ಯಮಗಳೂ ಒಂದೇ ಮುಖವನ್ನು ನಂಬಿಕೊಂಡು ಸುಖವಾಗಿವೆ.

ರಿಯಾಯಿತಿಯ ವಿಷಯಕ್ಕೆ ಬರೋಣ. ದರವನ್ನು ಯಾವಾಗಲೂ ‘ಒಂದು ಕಣ್ಣಿಗೆ’ ಎಂದು ಬರೆಯುತ್ತಾರೆ, ಜನರು ಸಾಮಾನ್ಯವಾಗಿ ಒಂದೇ ಕಣ್ಣು ತರುತ್ತಾರೆ ಎಂಬಂತೆ. ಆ ದರದ ಮುಂದೆ ‘ಆರಂಭಿಕ’ ಎಂಬ ಮಾತೊಂದು ತಲೆ ಮರೆಸಿಕೊಂಡು ನಿಂತಿರುತ್ತದೆ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗಿರಾಕಿಗಳಿಗೆ ಮೋಸವಾಗದಂತೆ ನೋಡುವ ಸರ್ಕಾರಿ ಸಂಸ್ಥೆ) ಅಲ್ಲಿನ ಒಂದು ಲೇಸಿಕ್ ಕಂಪನಿಯ ಮೇಲೆ ಹೊರಿಸಿದ ಆರೋಪ ಇಡೀ ಉದ್ಯಮದ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುವಂಥದು: ಜಾಹೀರಾತಿನ ಅಗ್ಗದ ದರ ನಂಬಿ ತಪಾಸಣೆಗೆ ಬಂದವರಲ್ಲಿ ಎರಡೂ ಕಣ್ಣಿಗೆ ಆ ದರ ಪಡೆಯುವ ಅರ್ಹತೆ ಇದ್ದದ್ದು ಕೇವಲ ಶೇ 6.5 ಮಂದಿಗೆ. ಆ ಅರ್ಹತೆಯಾದರೂ ಏನು? ದೃಷ್ಟಿ ಬಹುಮಟ್ಟಿಗೆ ಚೆನ್ನಾಗಿಯೇ ಇರಬೇಕಿತ್ತು. ಕಣ್ಣು ಕಾಣುವವನಿಗೆ ಅಗ್ಗ, ಕಾಣದವನಿಗೆ ದುಬಾರಿ. ಮಾರುಕಟ್ಟೆಯ ನ್ಯಾಯ ಇದಕ್ಕಿಂತ ಸ್ಪಷ್ಟವಾಗಿ ಯಾರಿಗೂ ಕಂಡಿರಲಾರದು.

ಇಷ್ಟೆಲ್ಲ ಅಬ್ಬರಕ್ಕೆ ಮೂಲವಾದ ವಿಜ್ಞಾನ ಮಾತ್ರ ಬಹಳ ಸಂಕೋಚದಿಂದ ಹುಟ್ಟಿದ್ದು. 1981ರ ನವೆಂಬರಿನಲ್ಲಿ ಐಬಿಎಂ ಪ್ರಯೋಗಾಲಯದ ರಂಗಸ್ವಾಮಿ ಶ್ರೀನಿವಾಸನ್ (ಮದ್ರಾಸಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ) ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ಪ್ರಯೋಗಾಲಯಕ್ಕೆ ತಂದರು. ಅದರ ಮೇಲೆ ಅವರ ತಂಡ ಎಕ್ಸೈಮರ್ ಲೇಸರ್ ಹಾಯಿಸಿತು. 193 ನ್ಯಾನೊಮೀಟರಿನ ಆ ಅತಿನೇರಳೆ ಕಿರಣ ಸುತ್ತಲಿನ ಅಂಗಾಂಶವನ್ನು ಸುಡದೆ ಕೊರೆಯಿತು. 1983ರ ಹೊತ್ತಿಗೆ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಅವರು ಇದನ್ನು ಕಣ್ಣಿನ ಕಾರ್ನಿಯಾದ ಮೇಲೆ ಬಳಸಬಹುದೆಂದು ತೋರಿಸಿದರು. ಜಾಹೀರಾತಿನವರಿಗೆ ಈ ಕಥೆ ಬೇಡ. ಉಳಿದ ಊಟದಿಂದ ಹೊಸ ಬದುಕು ಮಾರುವುದು ಕಷ್ಟ. ಅವರಿಗೆ ಬೇಕಾಗಿರುವುದು ನಾಸಾ. ಗಗನಯಾತ್ರಿಗಳಾಗ ಬಯಸುವವರು ಲೇಸಿಕ್ ಮಾಡಿಸಿಕೊಂಡಿರಬಹುದು ಎಂದು ನಾಸಾ 2007ರಲ್ಲಿ ಒಪ್ಪಿತು. ಅಂದಿನಿಂದ ಚೀಟಿಗಳಲ್ಲಿ ರಾಕೆಟ್ ಹಾರುತ್ತಿದೆ. ನನಗೆ ಬಾಹ್ಯಾಕಾಶದ ಯೋಚನೆಯೇನೂ ಇಲ್ಲ. ಶಾಂಪೂ ಸಿಕ್ಕರೆ ಸಾಕು.

ನಿಜವಾಗಿ ಯಾರಿಗೆ ಏನು ಮಾಡಬಹುದೆಂದು ತೀರ್ಮಾನಿಸುವಲ್ಲಿ ಮುಖ್ಯ ಮಾತು ಕಾರ್ನಿಯಾದ ದಪ್ಪದ್ದು. ಕಣ್ಣಿನ ಮುಂಭಾಗದ ಈ ಪಾರದರ್ಶಕ ಪಟಲ ನಡುವೆ ಇರುವುದು ಸರಾಸರಿ 540 ಮೈಕ್ರಾನ್, ಅರ್ಧ ಮಿಲಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ಲೇಸಿಕ್‌ನಲ್ಲಿ ಮೇಲಿನ ಪದರವನ್ನು ಬಾಗಿಲಿನಂತೆ ಎತ್ತುವುದಕ್ಕೆ 100ರಿಂದ 120 ಮೈಕ್ರಾನ್ ಹೋಗುತ್ತದೆ. ಆಮೇಲೆ ಪ್ರತಿಯೊಂದು ನಂಬರಿಗೂ ಸುಮಾರು 12ರಿಂದ 15 ಮೈಕ್ರಾನ್ ಕರಗಿಸಬೇಕು. ಕೆಳಗೆ ಕನಿಷ್ಠ 250 ಉಳಿಯಲೇಬೇಕು. ಎಚ್ಚರದ ವೈದ್ಯರು ಇನ್ನೂ ಹೆಚ್ಚು ಉಳಿಸುತ್ತಾರೆ. ಹಣ ತೆಗೆಯಲು ಮಾತ್ರ ಅವಕಾಶವಿದ್ದು, ಒಮ್ಮೆಯೂ ತುಂಬಲಾಗದ ಬ್ಯಾಂಕ್ ಖಾತೆ ಇದು. ಆದರೆ ಕೇಂದ್ರದ ಕೌನ್ಸೆಲರ್ ನನ್ನ ಮುಂದೆ ಹರಡಿದ್ದು ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಪಟ್ಟಿಯನ್ನು. ಪ್ಲಾಟಿನಂನಲ್ಲಿ ಕಾರ್ನಿಯಾಕ್ಕೆ ಏನು ವಿಶೇಷ ಎಂದು ಕೇಳಿದೆ. ಕಾಯುವ ಕೋಣೆ ಬೇರೆ ಇರುತ್ತದೆ ಎಂದರು.

ಕಾರ್ನಿಯಾ ತೆಳುವೆಂದೋ ಅದರ ಆಕಾರ ಅನುಮಾನಾಸ್ಪದವೆಂದೋ ವೈದ್ಯರು ಬೇಡವೆಂದವರ ಪಾಡು ಇನ್ನೂ ವಿಚಿತ್ರ. ದೊಡ್ಡ ಅಪಾಯದಿಂದ ಪಾರಾದವರು ಪರೀಕ್ಷೆಯಲ್ಲಿ ನಪಾಸಾದವರಂತೆ ಮುಖ ಇಳಿಸಿಕೊಂಡು ಹೊರಬರುತ್ತಾರೆ. ಸ್ನೇಹಿತರು ಬೆನ್ನು ತಟ್ಟಿ ಸಮಾಧಾನ ಹೇಳುತ್ತಾರೆ. ಉತ್ತೀರ್ಣರಾದವರು ತಮ್ಮ ಮೈಕ್ರಾನ್‌ಗಳನ್ನು ಅಂಕಪಟ್ಟಿಯಂತೆ ಓದಿ ಹೇಳುತ್ತಾರೆ. ಮನುಷ್ಯ ತನ್ನ ಯಾವ ದಪ್ಪದ ಬಗೆಗೂ ಇಷ್ಟು ಹೆಮ್ಮೆ ಪಟ್ಟದ್ದಿಲ್ಲ.

ಇನ್ನು ಒಪ್ಪಿಗೆ ಪತ್ರ. ತಪಾಸಣೆಗೆಂದು ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಕೆಲವು ಗಂಟೆ ಹತ್ತಿರದ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಆ ಶುಭ ಮುಹೂರ್ತದಲ್ಲೇ, ಇರುವೆ ಸಾಲಿನಂಥ ಅಕ್ಷರಗಳ ಕಾಗದದ ಕಟ್ಟು ಮುಂದೆ ಬರುತ್ತದೆ: ಓದಿ ಸಹಿ ಮಾಡಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕಾದ ಕಾಗದವನ್ನು ಕಣ್ಣಿಗೆ ಔಷಧ ಬಿಟ್ಟು ಕೈಗೆ ಕೊಡುತ್ತಾರೆ. ಮನೆಗೆ ಒಯ್ದು ನಾಳೆ ತರುತ್ತೇನೆ ಎಂದೆ. ಈವರೆಗೆ ಯಾರೂ ಹಾಗೆ ಕೇಳಿಲ್ಲ ಎಂದು ಕೌನ್ಸೆಲರ್ ನಿಜವಾಗಿಯೇ ನೊಂದುಕೊಂಡರು.

ಮನೆಯಲ್ಲಿ ಕನ್ನಡಕ ತೆಗೆದು, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದೆ. ಈ ಸೌಲಭ್ಯದ ಬೆಲೆ ಯಾವ ಚೀಟಿಯಲ್ಲೂ ಇಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಒಳಗಿನ ಮಸೂರ ಗಡುಸಾಗುತ್ತ ಹೋಗಿ ಎಲ್ಲರಿಗೂ ಚಾಳೀಸು ಬರುತ್ತದೆ. ಲೇಸರ್ ತಿದ್ದುವುದು ಹೊರಗಿನ ಕಾರ್ನಿಯಾವನ್ನು. ಒಳಗಿನ ಮಸೂರಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ದೂರದೃಷ್ಟಿ ಸರಿಯಿರುವವರು ಆ ವಯಸ್ಸಿನಲ್ಲಿ ಔಷಧಿಯ ಚೀಟಿಯನ್ನು ತೋಳಿನಷ್ಟು ದೂರ ಹಿಡಿದು ಪರದಾಡುವಾಗ, ಮೈನಸ್‌ನವನು ಸುಮ್ಮನೆ ಕನ್ನಡಕ ತೆಗೆದು ಓದಿಬಿಡುತ್ತಾನೆ. ಆಯುಷ್ಯವಿಡೀ ಅಪಹಾಸ್ಯ ಅನುಭವಿಸಿದವನಿಗೆ ಪ್ರಕೃತಿ ಕೊಡುವ ಏಕೈಕ ಪಿಂಚಣಿ ಅದು. ಲೇಸರ್ ಆದೊಡನೆ ಆ ಪಿಂಚಣಿ ರದ್ದು. ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಭ್ರಮದಿಂದ ಕನ್ನಡಕ ಬಿಸಾಡಿದವನು ನಲವತ್ತನಾಲ್ಕರಲ್ಲಿ ಓದುವ ಕನ್ನಡಕ ಕೊಳ್ಳಲು ಹೊರಡುತ್ತಾನೆ.

ಇದನ್ನು ಕೇಳಿದಾಗ ಕೌನ್ಸೆಲರ್ ಬಳಿ ಉತ್ತರ ಸಿದ್ಧವಿತ್ತು. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಮಾನೊವಿಷನ್ ಇದೆಯಂತೆ. ಅದು ನಿಜವೇ; ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ, ಆದ್ದರಿಂದ ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಪರೀಕ್ಷಿಸಿ ನೋಡುವುದು ವಾಡಿಕೆ. ಆ ಕೊನೆಯ ಮಾತನ್ನು ಅವರು ಹೇಳಲಿಲ್ಲ. ‘ಜೀವಮಾನದ ಗ್ಯಾರಂಟಿ’ ಎಂಬುದನ್ನು ಮಾತ್ರ ಮತ್ತೆ ಮತ್ತೆ ಹೇಳಿದರು. ಪ್ರತಿ ವರ್ಷ ಅವರದೇ ಕೇಂದ್ರದಲ್ಲಿ ತಪಾಸಣೆ ಮಾಡಿಸಬೇಕಂತೆ. ಒಂದು ವರ್ಷ ತಪ್ಪಿದರೆ ಜೀವಮಾನ ಅಲ್ಲಿಗೆ ಮುಗಿಯಿತು.

ಈಗಾಗಲೇ ಮಾಡಿಸಿಕೊಂಡವರನ್ನು ಕೇಳೋಣವೆಂದರೆ ಅವರೆಲ್ಲ ಧರ್ಮಪ್ರಚಾರಕರಾಗಿದ್ದಾರೆ. ಮರುದಿನ ಬೆಳಿಗ್ಗೆ ಮರದ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಂಡಿತು ಎಂಬಲ್ಲಿಗೆ ಎಲ್ಲರ ಕಥೆಯೂ ಬಂದು ಮುಟ್ಟುತ್ತದೆ. ನನ್ನ ಗೆಳೆಯನೊಬ್ಬ ಎಲೆಗಳ ವರ್ಣನೆಯ ನಡುವೆ ಎರಡು ಸಲ ನಿಲ್ಲಿಸಿ, ಜೇಬಿನಿಂದ ಸೀಸೆ ತೆಗೆದು ಕಣ್ಣಿಗೆ ಹನಿ ಬಿಟ್ಟುಕೊಂಡ. ಕಾರ್ನಿಯಾದ ನರಗಳು ತುಂಡಾಗುವುದರಿಂದ ಕಣ್ಣು ಒಣಗುತ್ತದೆ. ಸಾಮಾನ್ಯವಾಗಿ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಭಾಗವಹಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ದೀಪದ ಸುತ್ತ ಪ್ರಭೆ, ಜೋಡಿ ಬಿಂಬಗಳಂಥ ತೊಂದರೆಯೇನೂ ಇಲ್ಲದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಮೂರು ತಿಂಗಳ ನಂತರ ಅಂಥ ಒಂದಾದರೂ ಹೊಸ ತೊಂದರೆ ಹೇಳಿದರು. ಅದೇ ಅಧ್ಯಯನದಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ತಮ್ಮ ದೃಷ್ಟಿಯ ಬಗ್ಗೆ ತೃಪ್ತಿ ಸೂಚಿಸಿದರು. ದೈನಂದಿನ ಕೆಲಸಕ್ಕೆ ತೀರಾ ಅಡ್ಡಿಯಾದದ್ದು ಶೇ 1ಕ್ಕಿಂತ ಕಡಿಮೆ ಜನರಿಗೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳುವವನು ಯೋಚಿಸಿ ಒಪ್ಪುತ್ತಾನೆ. ನಾನು ಒಪ್ಪಿದ್ದೂ ಹಾಗೆಯೇ. ಆದರೆ ಯೋಚಿಸುವ ಗಿರಾಕಿಯನ್ನು ಪ್ಲಾಟಿನಂಗೆ ಏರಿಸುವುದು ಕಷ್ಟ.

ಹಾಗಾಗಿ ಈಗ ಕೌನ್ಸೆಲರ್ ದಿನವೂ ಫೋನ್ ಮಾಡುತ್ತಾರೆ. ಐದೇ ನಿಮಿಷದ ಕೆಲಸ ಸರ್, ಯಾಕೆ ತಡ ಮಾಡುತ್ತೀರಿ ಎನ್ನುತ್ತಾರೆ. ಲೇಸರ್ ಹಾಯುವುದು ಕೆಲವೇ ಸೆಕೆಂಡು, ಆ ಲೆಕ್ಕದಲ್ಲಿ ಐದು ನಿಮಿಷ ಉದಾರವೇ. ಅದರ ಹಿಂದುಮುಂದಿನ ಲೆನ್ಸ್ ಬಿಟ್ಟಿರುವ ವಾರಗಳು, ಕಣ್ಣು ಉಜ್ಜಬಾರದ ವಾರಗಳು, ಈಜಬಾರದ ವಾರಗಳು ಗಡಿಯಾರದವರ ಲೆಕ್ಕಕ್ಕೆ ಬರುವುದಿಲ್ಲ. ನಾನು ಎರಡೇ ಪ್ರಶ್ನೆ ಕೇಳಿದ್ದೇನೆ: ಎಲ್ಲ ಮುಗಿದ ಮೇಲೆ ನನ್ನ ಕಾರ್ನಿಯಾದಲ್ಲಿ ಎಷ್ಟು ಮೈಕ್ರಾನ್ ಉಳಿಯುತ್ತದೆ, ಕತ್ತಲಲ್ಲಿ ನನ್ನ ಪಾಪೆ ಎಷ್ಟು ಅಗಲವಾಗುತ್ತದೆ. ಬರಹದಲ್ಲಿ ಕೊಟ್ಟರೆ ನಾಳೆಯೇ ಬಂದು ಮಲಗುತ್ತೇನೆ ಎಂದೂ ಹೇಳಿದ್ದೇನೆ. ವೈದ್ಯರನ್ನು ವಿಚಾರಿಸಿ ತಿಳಿಸುತ್ತೇನೆ ಎಂದರು. ಆಮೇಲೆ ಸ್ವಲ್ಪ ತಡೆದು, ನಿಮ್ಮ ಮನೆಯಲ್ಲಿ ಕನ್ನಡಕ ಹಾಕುವವರು ಇನ್ನೆಷ್ಟು ಮಂದಿ ಇದ್ದಾರೆ ಸರ್ ಎಂದು ಕೇಳಿದರು.