ಹುಳದ ಪುಡಿ ತಿಂದ ಮೀನು ವಿಷವೇ?

ಸಾಕುಮೀನಿಗೆ ಹುಳದ ಪುಡಿ ಹಾಕುತ್ತಾರೆ, ಅಂಥ ಮೀನು ತಿಂದರೆ ನಮ್ಮ ಹೊಟ್ಟೆಯಲ್ಲೂ ಹುಳವಾಗುತ್ತದೆ ಎಂಬ ಸಂದೇಶ ಆಗಾಗ ಬರುತ್ತದೆ. ಮನೆಯವರ ಕಾಳಜಿಯಿಂದಲೇ ಜನ ಅದನ್ನು ಕಳಿಸುತ್ತಾರೆ. ಆದರೆ ಅದು ನಿಜವಲ್ಲ.

ಮಳೆಗಾಲದಲ್ಲಿ ತುಂಗೆಯ ದಡದಲ್ಲಿ ನಿಂತು ನೋಡಿ. ನೀರಿಗೆ ಬಿದ್ದ ಹುಳವನ್ನು ಮೀನು ಬಿಡುವುದೇ ಇಲ್ಲ. ನಾವು ಗಾಳಕ್ಕೆ ಸಿಕ್ಕಿಸುವುದೂ ಎರೆಹುಳವನ್ನೇ ಅಲ್ವಾ? ಮೇವಿಗೆ ಜಾಸ್ತಿ ಬಳಸುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳ. ಅದನ್ನು ಬಿಸಿಯಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಪುಡಿಯಲ್ಲಿ ಜೀವ ಉಳಿಯುವುದಿಲ್ಲ, ಒಳ್ಳೆಯ ಪ್ರೋಟೀನ್ ಉಳಿಯುತ್ತದೆ. ಮೇವಿಗಾಗಿ ಸಮುದ್ರದ ಸಣ್ಣ ಮೀನು ಹಿಡಿಯುವುದನ್ನೂ ಇದರಿಂದ ಕಡಿಮೆ ಮಾಡಬಹುದು. ಯುರೋಪಿನಲ್ಲಿ 2017ರಿಂದ ಸಾಕುಮೀನಿಗೆ ಇದಕ್ಕೆ ಒಪ್ಪಿಗೆಯಿದೆ. ಹುಳ ಏನು ತಿಂದು ಬೆಳೆಯಬೇಕು ಎಂಬುದಕ್ಕೂ ಅಲ್ಲಿ ನಿಯಮವಿದೆ. ನಾವೂ ಕೇಳಬೇಕಾದ ಪ್ರಶ್ನೆ ಅದೇ.

ಸಂದೇಶದಲ್ಲಿ ದಿನಾಂಕ, ಊರು, ಪರೀಕ್ಷೆಯ ವರದಿ ಇದೆಯಾ ನೋಡಿ. ಮೇವಿನ ಚೀಲದ ಮೇಲೆ ಬರೆದದ್ದನ್ನು ಓದಿ. ಅನುಮಾನವಿದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ.