ಮಾಟುಂಗದಲ್ಲಿ ಒಂದು ಬಿಟ್ಟಿನ ಅದ್ವೈತ

ಮಾಟುಂಗದ ನಮ್ಮ ಕನ್ನಡದವ್ರಲ್ಲಿ ಈಗ ಹೊಸ ದ್ವೈತ-ಅದ್ವೈತ ಜಗಳ ಶುರುವಾಗಿದೆ ಮಾರಾಯ್ರೆ, ಹಾಡನ್ನ ಡಿಜಿಟಲ್ಲಾಗಿ ಬರೆದಿಡೋ ಎರಡು ಪದ್ಧತಿಗಳಾದ ಡಿಎಸ್‌ಡಿ, ಪಿಸಿಎಂಗಳಲ್ಲಿ ಯಾವುದು ಮೇಲು ಅಂತ. ಡಿಎಸ್‌ಡಿ ಮಠದವ್ರ ಪ್ರಕಾರ ಇರೋದೊಂದೇ ಬಿಟ್ಟು (ಕಂಪ್ಯೂಟರಿನ ಸೊನ್ನೆ-ಒಂದರ ಬಿಟ್), ಉಳಿದದ್ದೆಲ್ಲ ಮಾಯೆ, ಆ ಒಂದೇ ಬಿಟ್ಟು ಸೆಕೆಂಡಿಗೆ 28,22,400 ಸಲ ಬರತ್ತೆ, ನಿಮ್ಮ ಸಿಡಿ ಬರೀ 44,100. ಪಿಸಿಎಂ ಮಠದವ್ರು ಬಿಡ್ತಾರಾ, ನಮ್ದು ಸಲಕ್ಕೆ 24 ಬಿಟ್ಟು, ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ಅಂತರ ಲೆಕ್ಕದಲ್ಲಿ 144 ಡೆಸಿಬೆಲ್ಲು, ನಿಮ್ದು ತಿಪ್ಪರಲಾಗ ಹಾಕಿದ್ರೂ 120, ಅದೂ ಗದ್ದಲನೆಲ್ಲ ಮನುಷ್ಯರ ಕಿವಿಗೆ ಕೇಳದ 20 ಕಿಲೋಹರ್ಟ್ಜ್ ಆಚೆಗೆ ಗುಡಿಸಿಟ್ಟು ಬಂದದ್ದು ಅಂತಾರೆ. ಅದೇನೋ ನಿಜ, ನಾಯ್ಸ್ ಶೇಪಿಂಗ್ ಅಂದ್ರೆ ಅಷ್ಟೇ. ಬಾವಲಿಗಳು ಇನ್ನೂ ಕಂಪ್ಲೇಂಟ್ ಕೊಟ್ಟಿಲ್ಲ.

ಈ 24 ಡೆಸಿಬೆಲ್ ವ್ಯತ್ಯಾಸ ತೀರ್ಮಾನ ಆಗೋದೆಲ್ಲಿ ಅಂದ್ರೆ ಸೆಂಟ್ರಲ್ ಲೈನಿನ ಹಳಿ ಪಕ್ಕದ ಒಂದು ಒನ್ ಬಿಎಚ್‌ಕೆಯಲ್ಲಿ. ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಅತ್ತಿಗೆಗೆ ಕುಕ್ಕರ್ ಇಡಬೇಡಿ ಅಂತ ಹೇಳಿ, ಮೇ ತಿಂಗಳ ಸೆಕೆಯಲ್ಲಿ ಬನೀನಲ್ಲಿ ಕೂತು ಮೌನ ಕೇಳ್ತಿರ್ತಾರೆ, ಕಲ್ಯಾಣ್ ಸ್ಲೋ ಲೋಕಲ್ ಬಂದ್ರೆ ಪಾಸ್ ಒತ್ತಿ ಅದು ಹೋಗೋ ತನಕ ಕಾಯ್ತಾರೆ. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ, ಅಂದ್ರೆ ಮುಂಬಯಿಯಲ್ಲಿ ಕಾನೂನೇ ಒಪ್ಪಿದ ನಿಶ್ಶಬ್ದ ಅಷ್ಟು ದಪ್ಪ, ಅದರಡಿ ಇವರ ಕೊನೆಯ ಬಿಟ್ಟುಗಳು ಯಾವತ್ತೋ ಸಮಾಧಿ!

ಇನ್ನೂ ಮಜಾ ಏನಂದ್ರೆ, ಡಿಎಸ್‌ಡಿಯಲ್ಲಿ ರೆಕಾರ್ಡ್ ಮಾಡಿದ್ದನ್ನ ಮಿಕ್ಸ್ ಮಾಡ್ಬೇಕು ಅಂದ್ರೆ ಸಾಮಾನ್ಯವಾಗಿ ಮಲ್ಟಿಬಿಟ್ಟಿಗೆ, ಅಂದ್ರೆ ಪಿಸಿಎಂ ಥರದ ಹಲವು ಬಿಟ್ಟಿಗೆ, ಬದಲಾಯಿಸ್ಲೇಬೇಕು. ಆ ಕಡೆ ಪಿಸಿಎಂ ಭಕ್ತರ ಡ್ಯಾಕಿನೊಳಗೆ (ಡಿಜಿಟಲ್ಲನ್ನ ಅನಲಾಗ್ ಸಿಗ್ನಲ್ ಮಾಡೋ ಡಬ್ಬಿ) ಹೆಚ್ಚಾಗಿ ಡಿಎಸ್‌ಡಿ ಜಾತಿಯ ಡೆಲ್ಟಾ-ಸಿಗ್ಮಾ ಚಿಪ್ಪೇ ಇರೋದು, ಅದು 24 ಬಿಟ್ಟನ್ನ ಹಿಂಡಿ ಕೆಲವೇ ಬಿಟ್ಟು ಮಾಡಿ ಗಡಿಬಿಡಿಯಲ್ಲಿ ಹೊರಗೆ ಕಳಿಸತ್ತೆ. ಎರಡೂ ಮಠದ ದೇವ್ರು ಎದುರು ಮಠದಲ್ಲೇ ಊಟ ಮಾಡ್ತಿದಾರೆ, ಭಕ್ತರು ಮಾತ್ರ ಹೊರಗೆ ಹೊಡೆದಾಡ್ತಿದಾರೆ.

ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌ಪಿಗಳನ್ನ ಡಿಜಿಟಲ್ ಸೋಂಕಿಲ್ಲದ ಅಪ್ಪಟ ಅನಲಾಗ್ ಅಂತ ತಲೆ ಮೇಲೆ ಹೊತ್ತು ಮೆರೆಸಿದ್ರಲ್ಲ, ಹಲವು ಎಲ್‌ಪಿಗಳ ತಯಾರಿ ನಡುವೆ ಡಿಎಸ್‌ಡಿ ಹೊಕ್ಕಿತ್ತು ಅಂತ 2022ರಲ್ಲಿ ಕಂಪನಿಯವ್ರೇ ಬಾಯಿಬಿಟ್ರು. ಡಿಜಿಟಲ್ ಅಂದ್ರೆ ಕಿವಿ ಉರಿಯತ್ತೆ ಅಂತಿದ್ದವ್ರಿಗೆ ಉರಿ ಶುರುವಾಗಿದ್ದು ನ್ಯೂಸ್ ಓದಿದ ಮೇಲೆ.

ಡ್ಯಾಕ್‌ನಲ್ಲಿ ಡಿಎಸ್‌ಡಿ ಬಂದಾಗ ನೀಲಿ ಲೈಟ್ ಹತ್ತತ್ತೆ, ಅದಕ್ಕೊಂದು ಚೂರು ಕರಿ ಟೇಪ್ ಹಚ್ಚಿ ಯಾವುದು ಯಾವುದು ಅಂತ ಹೇಳಿ ನೋಡೋಣ ಅಂದೆ ಡಿಎಸ್‌ಡಿ ಮಠದ ರಾಯ್ರಿಗೆ. ಗಾಬರಿಯಾಗಿ ಕೈ ಹಿಡಿದ್ರು.

"ಬೇಡ ಬೇಡ, ಟೇಪ್ ಹಚ್ಚಿದ್ರೆ ಸೌಂಡ್‌ಸ್ಟೇಜೇ ಕುಗ್ಗಿಹೋಗತ್ತೆ!"